ಡೋರ್ತೆ ಕತ್ತರಿಸಿದ ಪೆಟ್ಟಿಗೆ

ಲೆಮ್ವಿಗ್ ಊರಿನ ಶಾಲೆ, ಈಜುಕೊಳ, ಬಂದರಿನ ಮೀನು ಶೆಡ್ಡುಗಳು, ಇವುಗಳ ಚಾವಣಿಯೊಳಗೆ ಓಡುವ ಗಾಳಿಕೊಳವೆಗಳಲ್ಲಿ ಬಹುಪಾಲು ಡೋರ್ತೆ ಬ್ಯೆರೆಯ ಕೈಯಲ್ಲಿ ರೂಪ ಪಡೆದವು. ಅವುಗಳ ಕಡೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಗಾಳಿ ಸರಿಯಾಗಿ ಬರುತ್ತಿರುವಷ್ಟು ಕಾಲ ಕೊಳವೆಯೊಂದು ಅಲ್ಲಿದೆ ಎಂಬುದೇ ಜನಕ್ಕೆ ನೆನಪಿರುವುದಿಲ್ಲ. ಎಲ್ಲಾದರೂ ತಗಡು ಸಡಿಲಗೊಂಡು ಗಡಗುಟ್ಟಿದರೆ ಮಾತ್ರ ಅವಳ ವರ್ಕ್‌ಶಾಪಿಗೆ ಫೋನು ಬರುತ್ತದೆ. ಆಗ ಡೋರ್ತೆ ವ್ಯಾನಿನ ಮೇಲೆ ಏಣಿ ಕಟ್ಟಿಕೊಂಡು ಹೋಗಿ, ಸದ್ದು ಹುಟ್ಟುವ ಜಾಗವನ್ನು ಕಿವಿಯಿಂದಲೇ ಹುಡುಕಿ, ಒಂದು ರಿವೆಟ್ ಹೊಡೆದು ಬರುತ್ತಾಳೆ. ವಯಸ್ಸು ನಲವತ್ತೇಳು. ಗಿಡ್ಡ ಕೂದಲು, ಅಗಲವಾದ ಹೆಗಲು, ಎಡಗೈ ಹೆಬ್ಬೆರಳಿನ ಮೇಲೆ ಎಂದೋ ತಗಡು ಕೊಯ್ದ ಬಿಳಿಯ ಗೆರೆ. ಮಾತು ಕಡಿಮೆ, ಆದರೆ ಆಡಿದರೆ ನೆಟ್ಟಗೆ.

ವರ್ಷದಲ್ಲಿ ಒಂದು ವಾರಾಂತ್ಯವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನವೆಂಬರಿನಲ್ಲಿ, ಜರ್ಮನ್ ಪ್ರವಾಸಿಗರೆಲ್ಲ ಹೊರಟುಹೋಗಿ ಕರಾವಳಿಯ ಬೇಸಿಗೆಮನೆಗಳು ಖಾಲಿ ಬಿದ್ದಿರುವಾಗ, ಅವಳೂ ಅವಳ ಮೂವರು ಹಳೆಯ ಗೆಳೆಯರೂ ವ್ರಿಸ್ಟ್‌ನ ಮರಳುದಿಬ್ಬಗಳ ನಡುವೆ ಒಂದು ಮನೆ ಹಿಡಿಯುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರನ್ನು ಪೆಟ್ಟಿಗೆ ಸಮೇತ ಹೊತ್ತು ತರುವುದು, ಉದ್ದನೆಯ ಊಟದ ಮೇಜಿನ ಮೇಲೆ ನಾಲ್ಕನ್ನೂ ಸಾಲಾಗಿಟ್ಟು ವೈರುಗಳಿಂದ ಒಂದಕ್ಕೊಂದು ಜೋಡಿಸುವುದು, ಶುಕ್ರವಾರದಿಂದ ಭಾನುವಾರದವರೆಗೆ ಆಡುವುದು. ನಮ್ಮ ಕಡೆ ಇಂಥ ಗುಂಪುಗಳಿಗೆ ಲೆಕ್ಕವಿಲ್ಲ. ಹದಿನೇಳರಲ್ಲಿ ಶಾಲೆಯ ಆಟದ ಹಾಲಿನ ನೆಲದ ಮೇಲೆ ಮಲಗೆದ್ದು ಆಡಿದವರು ಈಗ ಸೊಂಟನೋವಿನ ಬೆಲ್ಟು ಕಟ್ಟಿಕೊಂಡಾದರೂ ಬರುತ್ತಾರೆ.

ಮೂವರು ಗೆಳೆಯರಲ್ಲಿ ಯೆಪ್ಪೆ ಬ್ಯಾಂಕಿನಲ್ಲಿದ್ದಾನೆ. ಎಸ್ಬೆನ್ ಗಾಳಿಯಂತ್ರಗಳ ಎಂಜಿನಿಯರ್. ಫ್ರೋಡೆ ಶಾಲೆಯಲ್ಲಿ ಆಟದ ಮೇಷ್ಟ್ರು. ನಾಲ್ವರೂ ಹೋಲ್‌ಸ್ಟೆಬ್ರೋದ ತಾಂತ್ರಿಕ ಶಾಲೆಯಲ್ಲಿ ಜೊತೆಯಾದವರು. ಡೋರ್ತೆ ಆಗ ತಗಡಿನ ಕೆಲಸ ಕಲಿಯುತ್ತಿದ್ದಳು. ಗಾಳಿಕೊಳವೆ ಮಾಡಿ ಮಿಕ್ಕ ಸತುಲೇಪದ ತಗಡಿನಿಂದ ಅವಳೇ ನಾಲ್ಕು ಕಂಪ್ಯೂಟರ್ ಪೆಟ್ಟಿಗೆಗಳನ್ನು ಮಾಡಿದಳು. ಬಸ್ಸಿನಲ್ಲಿ ಒಯ್ಯಲು ಸುಲಭವಾಗಲೆಂದು ಮೇಲೆ ಕೊಳಾಯಿ ಪೈಪಿನ ಹಿಡಿ. ಒಂದೇ ಹಾಳೆಯನ್ನು ಐದು ಕಡೆ ಮಡಚಿದ ಮೈ; ಮುಂಭಾಗದಲ್ಲಿ ಡಿಸ್ಕುಗಳನ್ನು ಕೂರಿಸುವ ಗೂಡು. ಆ ಗೂಡು ನೆಲವನ್ನೂ ಮೇಲ್ಚಾವಣಿಯನ್ನೂ ಒಂದು ಕಂಬದಂತೆ ಹಿಡಿದಿತ್ತು. ಹಿಡಿಯ ಮೇಲೆ ಬೀಳುವ ಭಾರವೆಲ್ಲ ಇಳಿದುಹೋಗುತ್ತಿದ್ದುದು ಅದರ ಮೂಲಕವೇ.

ಆ ಕಾಲದಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂದರೆ ಅಂಗೈಯಷ್ಟು ಹಲಗೆ, ಅದರ ಮೇಲೆ ಬಿಸ್ಕತ್ತಿನಷ್ಟು ಫ್ಯಾನ್. ಪರದೆಯ ಮೇಲಿನ ಚಿತ್ರವನ್ನು ಬಿಡಿಸುವುದಷ್ಟೇ ಅದರ ಕೆಲಸ. ವರ್ಷಗಳು ಹೋದಂತೆ ಚಿತ್ರ ನಿಜದಂತೆ ಕಾಣತೊಡಗಿತು, ಕಾರ್ಡು ಒಲೆಯಂತೆ ಕಾಯತೊಡಗಿತು. ಅದನ್ನು ತಂಪಾಗಿಡುವ ಕೂಲರ್ ಮೊದಲು ಒಂದು ಇಟ್ಟಿಗೆಯಷ್ಟಾಯಿತು, ಆಮೇಲೆ ಎರಡು ಇಟ್ಟಿಗೆಯಷ್ಟು. ಡೋರ್ತೆಯ ಪೆಟ್ಟಿಗೆಗಳೊಳಗೆ ಅದು ಹಿಡಿಸಲಿಲ್ಲ. ಯೆಪ್ಪೆ ಮೊದಲು ಕೈಬಿಟ್ಟ, ಬಣ್ಣದ ದೀಪಗಳಿರುವ ಗಾಜಿನ ಪೆಟ್ಟಿಗೆ ಕೊಂಡುತಂದ. ಎಸ್ಬೆನ್ ತನ್ನದರ ಮುಖವನ್ನು ಕಟಿಂಗ್ ಮೆಷಿನ್ನಿನಿಂದ ಕೊಯ್ದ. ಕಾರ್ಡಿನ ತುದಿ ಮೂರು ಬೆರಳು ಹೊರಗೆ ಚಾಚಿಕೊಂಡಿರುತ್ತಿತ್ತು. ಫ್ರೋಡೆ ಗೂಡನ್ನು ಕಿತ್ತೆಸೆದು, ಮುಚ್ಚಳ ಹಾಕುವುದನ್ನೇ ಬಿಟ್ಟು, ಜೋತುಬೀಳುವ ಕಾರ್ಡಿಗೆ ಒಂದು ಬಿಯರ್ ಬಾಟಲಿಯನ್ನು ಊರುಗೋಲು ಕೊಟ್ಟಿದ್ದ.

ಡೋರ್ತೆ ಮಾತ್ರ ತನ್ನದಕ್ಕೆ ಕತ್ತರಿ ಹಾಕಲಿಲ್ಲ. ಅದರಲ್ಲಿ ಹಿಡಿಸುವ ಪುಟ್ಟ ಕಾರ್ಡಿನಲ್ಲೇ ಕಾಲ ಹಾಕಿದಳು. ಅದಕ್ಕೊಂದು ಬೆಲೆ ತೆರಬೇಕಾಗಿತ್ತು. ಗುಂಪಿನಲ್ಲಿ ಎಸ್ಬೆನ್ ಮಾಡಿದ ನಿಯಮವೊಂದಿತ್ತು: ಶುಕ್ರವಾರ ಮಧ್ಯಾಹ್ನ ನಾಲ್ಕೂ ಯಂತ್ರಗಳನ್ನು ಒಂದೇ ಪರೀಕ್ಷೆಗೆ ಹಚ್ಚುವುದು. ಬೆಂಕಿ, ನೀರು, ಹಾರುವ ಧೂಳಿನ ಒಂದು ದೃಶ್ಯ ಓಡುತ್ತದೆ, ಕೊನೆಗೆ ಅಂಕ ಬರುತ್ತದೆ. ಯಾರದು ಕಡಿಮೆಯೋ ಅವರು ಶನಿವಾರದ ದೊಡ್ಡ ಊಟ ಮಾಡಬೇಕು: ತೊಗಲು ಗರಿಗರಿಯಾದ ಹಂದಿ ರೋಸ್ಟ್, ಸಕ್ಕರೆಯಲ್ಲಿ ಕಂದಿಸಿದ ಆಲೂಗಡ್ಡೆ, ಕೆಂಪು ಎಲೆಕೋಸು, ಕಂದು ಗ್ರೇವಿ. ಮೊದಲ ವರ್ಷ ಫ್ರೋಡೆ ಸೋತು ಆಲೂಗಡ್ಡೆಯನ್ನು ಇದ್ದಿಲು ಮಾಡಿದ. ಮರುವರ್ಷ ಡೋರ್ತೆ ಸೋತಳು. ಅದಾದ ಮೇಲೆ ಪ್ರತಿ ವರ್ಷವೂ ಅವಳೇ. ಏಳು ವರ್ಷ.

ಸೋತದ್ದರಲ್ಲಿ ಅವಳಿಗೆ ಅನ್ಯಾಯವೇನೂ ಕಾಣಲಿಲ್ಲ. ಅಂಕ ಕಡಿಮೆ ಬಂದಿತ್ತು, ಅಡುಗೆ ಮಾಡಿದಳು. ಆದರೆ ಹೊಸ ಆಟಗಳು ಅವಳ ಕಾರ್ಡಿನ ಮೇಲೆ ಓಡುತ್ತಲೇ ಇರಲಿಲ್ಲ. ಮೂವರು ಹೊಸದನ್ನು ಆಡುತ್ತಿದ್ದಾಗ ಅವಳು ಅಡುಗೆಮನೆಯಲ್ಲಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕಾಲ "ಡೋರ್ತೆಗೋಸ್ಕರ" ಹಳೆಯ ಆಟ ಹಾಕುತ್ತಿದ್ದರು, ಆಕಳಿಸುತ್ತ. ಹೋದ ವರ್ಷ ಅವಳು ರೋಸ್ಟಿನ ತಟ್ಟೆ ಹಿಡಿದು ಬರುವಾಗ ಮೂವರೂ ಪರದೆಯ ಮುಂದೆ ಬಿದ್ದು ಬಿದ್ದು ನಗುತ್ತಿದ್ದರು.

"ಡೋರ್ತೆನ ಮುಂದೆ ಕಳ್ಸೋ! ಅವ್ಳು ಏಟು ತಿನ್ಲಿ, ನಾವು ಹಿಂದಿಂದ ಹೋಗೋಣ!"

ನಾಲ್ವರ ಆಟ ಅದು. ನಾಲ್ಕನೆಯವರಿಲ್ಲದಿದ್ದರೆ ಕಂಪ್ಯೂಟರೇ ಒಂದು ಆಳನ್ನು ಕೊಡುತ್ತದೆ; ಅದು ಸಾಮಾನು ಹೊರುತ್ತದೆ, ಮಾತಾಡುವುದಿಲ್ಲ, ಹೇಳಿದಲ್ಲಿಗೆ ಹೋಗುತ್ತದೆ. ಆ ಆಳಿಗೆ ಅವರು ಡೋರ್ತೆ ಎಂದು ಹೆಸರಿಟ್ಟಿದ್ದರು.

"ಬೇಜಾರಾಯ್ತೇನೇ?" ಎಂದ ಯೆಪ್ಪೆ. "ಪ್ರೀತಿಯಿಂದ ಇಟ್ಟಿದ್ದು ಕಣೇ."

"ನಂಗ್ಯಾಕೆ ಬೇಜಾರು," ಎಂದಳು ಡೋರ್ತೆ. "ಅವ್ಳು ನಿಮಗಿಂತ ಚೆನ್ನಾಗಿ ಆಡ್ತಾಳೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಮನೆಗೆ ಬಂದವಳು ಪೆಟ್ಟಿಗೆಯನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟಳು, ಕೋಣೆಗೆ ಒಯ್ಯಲಿಲ್ಲ. ಚಳಿಗಾಲ, ವಸಂತ ಎರಡೂ ಅದು ಅಲ್ಲೇ ಇತ್ತು.

ಆಗಸ್ಟಿನಲ್ಲಿ ಅವಳು ಅಳತೆ ಶುರುಮಾಡಿದಳು. ಅವಳ ಗಂಡ ಲೈಫ್ ಟ್ಯೂಬೊರೋನ್ ಬಂದರಿನಲ್ಲಿ ಕ್ರೇನ್ ನಡೆಸುವವನು. ಕೆಲಸ ಮುಗಿಸಿ ಬಂದು ಗ್ಯಾರೇಜಿನ ಬಾಗಿಲಲ್ಲಿ ಕಾಫಿ ಹಿಡಿದು ನಿಂತ. ಡೋರ್ತೆ ರಟ್ಟನ್ನು ಕತ್ತರಿಸಿ ಅಂಟಿಸಿ ಒಂದು ಉದ್ದನೆಯ ಡಬ್ಬ ಮಾಡಿದ್ದಳು.

"ಏನಿದು, ಬೆಕ್ಕಿಗೆ ಶವಪೆಟ್ಟಿಗೇನಾ?"

"ಕಾರ್ಡು. ತರಿಸಬೇಕು ಅಂದ್ಕೊಂಡಿರೋದು. ಕೂಲರ್ ಸಮೇತ ಇಷ್ಟು ದೊಡ್ಡದು. ಕತ್ತರಿ ಹಾಕೋ ಮುಂಚೆ ಕೂರುತ್ತಾ ನೋಡ್ಬೇಕಲ್ಲ."

"ನನ್ನ ಮದ್ವೆ ಆಗೋ ಮುಂಚೆ ಹೀಗೇ ರಟ್ಟಲ್ಲಿ ಒಂದು ಮಾಡಿ ನೋಡ್ಬಹುದಿತ್ತು ನೀನು."

"ನೋಡಿದ್ದೆ. ರಟ್ಟಿಂದು ಗೊರಕೆ ಹೊಡೀತಿರ್ಲಿಲ್ಲ. ಮೋಸ ಹೋದೆ."

ಲೈಫ್ ಹತ್ತಿರ ಬಂದು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. "ಇಷ್ಟು ವರ್ಷ ಯಾರಿಗೂ ಇದರ ಮೇಲೊಂದು ಗೀರು ಹಾಕೋಕೆ ಬಿಡ್ಲಿಲ್ಲ. ಈಗ ಅವರಿಗೋಸ್ಕರ ಕುಯ್ತೀಯಾ?"

"ಅವರಿಗೋಸ್ಕರ ಅಲ್ಲ."

"ಮತ್ತೆ?"

"ಮೇಜಿನ ಹತ್ರ ಕೂತ್ಕೊಳ್ಳೋಕೆ, ಲೈಫ್. ಮೂರೂ ದಿನ. ಬೇರೆಯೋರ ಹಾಗೆ."

ಅವನು ಬೆಂಚಿನ ಮೇಲಿನ ದೀಪವನ್ನು ಅವಳ ಕೈಯ ಕಡೆಗೆ ತಿರುಗಿಸಿ ಒಳಗೆ ಹೋದ.

ಹಿಂಗೋಡೆಯಿಂದ ಡಿಸ್ಕಿನ ಗೂಡಿನವರೆಗೆ ಇನ್ನೂರ ಎಪ್ಪತ್ತು ಮಿಲಿಮೀಟರ್ ಇತ್ತು. ಕಾರ್ಡಿನ ಉದ್ದ ಮುನ್ನೂರ ಮೂವತ್ತಾರು. ಗೂಡು ಹೋಗಲೇಬೇಕು. ಈಗ ಡಿಸ್ಕು ಎನ್ನುವುದು ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟಿರುತ್ತದೆ, ಗೂಡಿನ ಹಂಗು ಅದಕ್ಕಿಲ್ಲ. ಆದರೆ ಗೂಡು ಹೊರುತ್ತಿದ್ದ ಭಾರವನ್ನು ಇನ್ನೇನಾದರೂ ಹೊರಬೇಕು. ಫ್ರೋಡೆಯ ಪೆಟ್ಟಿಗೆ ಗೂಡು ಕಿತ್ತ ಮೇಲೆ ಹಿಡಿ ಹಿಡಿದೆತ್ತಿದರೆ ಒದ್ದೆ ರಟ್ಟಿನಂತೆ ಹೊರಳುವುದನ್ನು ಅವಳು ನೋಡಿದ್ದಳು. ಅದಕ್ಕೇ ಮೊದಲು ಮುಂಗೋಡೆಯ ಎರಡೂ ಮೂಲೆಗಳಿಗೆ ಹೊಂದುವ ಹಾಗೆ ಲಂಬಕೋನದ ಎರಡು ಪಟ್ಟಿಗಳನ್ನು ಮಡಚಿ, ರಿವೆಟ್ ಹೊಡೆದು ಕೂರಿಸಿದಳು. ಆಮೇಲಷ್ಟೇ ಗೂಡಿನ ಹಳೆಯ ರಿವೆಟ್‌ಗಳ ತಲೆಗೆ ಡ್ರಿಲ್ ಹಿಡಿದಳು. ತಲೆಗಳು ಒಂದೊಂದೇ ಬಿಸಿ ಉಂಗುರಗಳಾಗಿ ಡ್ರಿಲ್ಲಿನ ಮೊನೆಗೆ ಸಿಕ್ಕಿಕೊಂಡು ಬಂದವು. ಕೊನೆಯದು ಬಿಟ್ಟಾಗ ಗೂಡು ತಾನಾಗಿ ಅವಳ ಅಂಗೈಗೆ ಜಾರಿತು. ಒಳಮೈಯಲ್ಲಿ ಹತ್ತೊಂಬತ್ತರ ಹುಡುಗಿ ಸೀಸದ ಕಡ್ಡಿಯಲ್ಲಿ ಎಳೆದ ಮಡಿಕೆಯ ಗುರುತುಗಳು ಹಾಗೇ ಇದ್ದವು. ಅವಳು ಅದನ್ನು ಗುಜರಿ ಡಬ್ಬಕ್ಕೆ ಹಾಕಲಿಲ್ಲ; ಮೇಲಿನ ಗೂಟಕ್ಕೆ ತೂಗುಹಾಕಿದಳು.

ಉದ್ದ ಸಿಕ್ಕರೆ ಆಗಲಿಲ್ಲ. ಕಾರ್ಡಿಗೆ ವಿದ್ಯುತ್ತು ಕೊಡುವ ದಪ್ಪ ಕೇಬಲ್ ಅದರ ಅಂಚಿನಿಂದ ಮುಚ್ಚಳದ ಕಡೆಗೆ ಹೊರಡುತ್ತದೆ, ಅದನ್ನು ಒತ್ತಿ ಮಡಿಸಿದರೆ ತುದಿ ಕಾದು ಕರಗುವ ಭಯ. ಮುಚ್ಚಳಕ್ಕೂ ಕಾರ್ಡಿಗೂ ನಡುವೆ ಇದ್ದದ್ದು ಎರಡು ಬೆರಳಿನ ಸಂದು. ಊಟದ ವಿರಾಮದಲ್ಲಿ ವರ್ಕ್‌ಶಾಪಿನ ಮಡಿಕೆ ಯಂತ್ರದ ಮೇಲೆ ಅವಳು ಹೊಸ ಮುಚ್ಚಳ ಮಾಡಿದಳು. ಅದರ ನಡುವೆ ಕೇಬಲ್ ಸರಾಗವಾಗಿ ಬಾಗುವಷ್ಟು ಎತ್ತರದ ಒಂದು ಉಬ್ಬು, ಅಂಚುಗಳೆಲ್ಲ ಮೃದು. ಇನ್ನು ಗಾಳಿ. ಅದು ಅವಳ ಹೊಟ್ಟೆಪಾಡಿನ ವಿದ್ಯೆ. ಕೂಲರಿನ ಮೂರು ಫ್ಯಾನುಗಳು ಕೆಳಮುಖವಾಗಿ ಕೂರುತ್ತವೆ, ನೆಲದ ತಗಡು ಮುಚ್ಚಿದ್ದರೆ ತಮ್ಮ ಬಿಸಿ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತವೆ. ನೆಲದಲ್ಲಿ ಸಾಲು ತೂತುಗಳನ್ನು ಒತ್ತಿ ತೆಗೆದು, ಪೆಟ್ಟಿಗೆಗೆ ರಬ್ಬರಿನ ನಾಲ್ಕು ಕಾಲು ಕೊಟ್ಟಳು. ಮುಂದಿನ ಫ್ಯಾನಿನ ಜಾಗಕ್ಕೆ ತೆಳುವಾದದ್ದೊಂದನ್ನು ಹಾಕಿದಳು.

ನಿಜವಾದ ಕಾರ್ಡ್ ಬಂದ ದಿನ ಅದು ಕೂರಲಿಲ್ಲ. ಕಂಪನಿಯ ನಕ್ಷೆಯಲ್ಲಿ ಕೂಲರಿನ ಪ್ಲಾಸ್ಟಿಕ್ ಮೂತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಂದಿನ ಪಟ್ಟಿಯ ಅಂಚಿಗೆ ಮೂರು ಮಿಲಿಮೀಟರ್ ತಾಗುತ್ತಿತ್ತು. ಒತ್ತಿದ್ದರೆ ಹೋಗುತ್ತಿತ್ತು. ಅವಳು ಒತ್ತಲಿಲ್ಲ. ಅರ ತೆಗೆದುಕೊಂಡು, ಪುಡಿ ಒಳಗೆ ಬೀಳದಂತೆ ಒದ್ದೆಬಟ್ಟೆ ಹಾಸಿ, ಅಂಚನ್ನು ಉಜ್ಜುತ್ತ ಕುಳಿತಳು. ಕೊನೆಗೆ ಕಾರ್ಡು ಚಡಿಯೊಳಗೆ ಟಕ್ ಎಂದು ಕೂತಿತು. ಭಾರಕ್ಕೆ ಜೋತುಬೀಳದ ಹಾಗೆ ಅದರ ಬಾಲಕ್ಕೊಂದು ಪುಟ್ಟ ತೊಟ್ಟಿಲನ್ನೂ ಕೊಟ್ಟಳು. ಮುಚ್ಚಳ ಹಾಕಿ, ಯಂತ್ರವನ್ನು ಚಾಲೂ ಮಾಡಿ, ಭಾರೀ ದೃಶ್ಯವೊಂದನ್ನು ಓಡಿಸಿ, ಲೈಫನ್ನು ಕೂಗಿದಳು.

ಅವನು ಬಂದು ಕಿವಿಗೊಟ್ಟ. "ಆನ್ ಮಾಡು ಮತ್ತೆ."

"ಆನ್ ಆಗಿದೆ."

"ಹೋಗೇ ಸುಮ್ನೆ," ಎಂದು ಅವನು ಹಿಂಗೋಡೆಯ ಬಳಿ ಕೈಯಿಟ್ಟ. ಬಿಸಿಗಾಳಿ ಅಂಗೈಗೆ ತಾಗಿತು. ಅವನ ಮುಖ ಅರಳಿದ್ದನ್ನು ಡೋರ್ತೆ ನೋಡಿದಳು.

ಆ ವರ್ಷ ವ್ರಿಸ್ಟ್‌ನಲ್ಲಿ ಗಾಳಿ ಜೋರಾಗಿತ್ತು. ಕಾರಿನಿಂದ ಮನೆಯೊಳಗೆ ಹೋಗುವಷ್ಟರಲ್ಲಿ ಹಲ್ಲಿನಲ್ಲಿ ಮರಳು. ಯೆಪ್ಪೆ ಆಗಲೇ ಕ್ರಿಸ್ಮಸ್ ಬಿಯರಿನ ಕ್ರೇಟುಗಳನ್ನೂ ಎಂದಿನಂತೆ ದೊಡ್ಡ ಹಂದಿಮಾಂಸದ ತುಂಡನ್ನೂ ಫ್ರಿಜ್ಜಿಗೆ ತುಂಬಿದ್ದ. ಡೋರ್ತೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಾಗ ಎಸ್ಬೆನ್ ಮೊದಲು ಆ ಉಬ್ಬನ್ನು ನೋಡಿದ.

"ಏನೇ ಇದು, ನಿನ್ ಪೆಟ್ಟಿಗೆ ಬಸುರಾ?"

"ಐದನೇ ತಿಂಗಳು," ಎಂದಳು ಡೋರ್ತೆ.

"ಕುಯ್ದುಬಿಟ್ಯಾ!" ಫ್ರೋಡೆ ಬೆರಳಿನಿಂದ ಮೂಲೆಗಳನ್ನು ಸವರಿದ. "ನಮ್ಮದನ್ನ ಕುಯ್ದಾಗ ಏನ್ ಬೈದಿದ್ಲು ಇವ್ಳು, ನೆನಪಿದ್ಯಾ? ಕಸಾಯಿಗಳು ಅಂದಿದ್ಲು."

"ಈಗ್ಲೂ ಅಂತೀನಿ. ನಿಂದು ನೋಡು, ಇನ್ನೂ ಬಾಟಲಿ ಮೇಲೆ ನಿಂತಿದೆ."

ಪರೀಕ್ಷೆ ಓಡಿಸಿದರು. ಯೆಪ್ಪೆ ಮೊದಲು, ಡೋರ್ತೆ ಎರಡು, ಎಸ್ಬೆನ್ ಮೂರು. ಫ್ರೋಡೆ ಕೊನೆ. ಆಮೇಲೆ ಯೆಪ್ಪೆ ಅಡುಗೆಮನೆಯಿಂದ ಏಪ್ರನ್ ತಂದು ಫ್ರೋಡೆಯ ಕೊರಳಿಗೆ ಹಾಕಿ, ರಾಜನಿಗೆ ಹಾರ ಹಾಕಿದವನಂತೆ ಬಾಗಿ ನಮಸ್ಕರಿಸಿದ. ಎಲ್ಲರಿಗೂ ನಗು.

ಆ ಸಂಜೆ ನಾಲ್ವರೂ ಆಡಿದರು. ಡೋರ್ತೆ ಆಟಕ್ಕೆ ಹೊಸಬಳಾದರೂ ಕೈ ಬೇಗ ಕುದುರಿತು. ಅವಳಿಗೆ ಮೊದಲಿನಿಂದಲೂ ದಿಕ್ಕಿನ ಅರಿವು ಚೆನ್ನಾಗಿತ್ತು. ಗೋಡೆಯ ಹಿಂದೆ ಹೆಜ್ಜೆ ಎಲ್ಲಿ ಸಾಗುತ್ತಿದೆ ಎಂದು ಸದ್ದಿನಿಂದಲೇ ಹೇಳುತ್ತಿದ್ದಳು. "ಎಡಗಡೆ ನಾನಿದೀನಿ, ನೀವು ನುಗ್ಗಿ," ಎನ್ನುವಾಗ ಅವಳ ದನಿಯಲ್ಲಿ ಎಂದೂ ಇಲ್ಲದ ಏರು ಇತ್ತು. ಒಮ್ಮೆ ಎಸ್ಬೆನ್ ಅವಳ ಬೆನ್ನು ತಟ್ಟಿ, "ಎಲ್ಲಿದ್ಯೇ ಇಷ್ಟು ವರ್ಷ?" ಎಂದ. "ಪಕ್ಕದ ಕೋಣೇಲಿ," ಎಂದಳು ಅವಳು.

ಶನಿವಾರ ಹನ್ನೊಂದರ ಹೊತ್ತಿಗೆ ಫ್ರೋಡೆ ಅಡುಗೆಮನೆಗೆ ಹೋದ. ಮೂವರು ಆಟದಲ್ಲಿದ್ದರು.

"ಡೋರ್ತೆ! ತೊಗಲನ್ನ ಕುಯ್ಬೇಕಾ, ಹಾಗೇ ಇಡ್ಬೇಕಾ?"

"ಕುಯ್ಬೇಕು. ಕೊಬ್ಬಿನ ತನಕ. ಮಾಂಸಕ್ಕೆ ತಾಗ್ಬಾರ್ದು."

"ಯಾವ ಚಾಕಲ್ಲಿ?"

"ಚೂಪಾಗಿರೋದ್ರಲ್ಲಿ, ಫ್ರೋಡೆ."

ಫ್ರೋಡೆ ಓವನ್ ಹಚ್ಚಿದ. ಕೆಲವು ನಿಮಿಷಗಳಲ್ಲಿ ಟಪ್ ಎಂದು ಮನೆಯೆಲ್ಲ ಸತ್ತಂತಾಯಿತು. ಪರದೆಗಳು ಕಪ್ಪು, ಫ್ರಿಜ್ಜು ಮೌನ. ಹಳೆಯ ಮನೆ, ಅಡುಗೆಮನೆಗೂ ಊಟದ ಕೋಣೆಗೂ ಒಂದೇ ಫ್ಯೂಸು. ಎಸ್ಬೆನ್ ಬಾಯಲ್ಲೇ ಕೂಡಿಸಿ ನೋಡಿ, ಓವನ್ನಿನ ಜೊತೆ ಮೂರು ದೊಡ್ಡ ಯಂತ್ರಗಳನ್ನು ಅದು ತಡೆದೀತು, ನಾಲ್ಕನ್ನು ತಡೆಯದು ಎಂದ. ಈ ಮಾತು ಹಿಂದೆ ಬಂದಿರಲಿಲ್ಲ. ಡೋರ್ತೆಯ ಹಳೆಯ ಕಾರ್ಡು ಒಂದೆರಡು ಬಲ್ಬಿಗಿಂತ ಹೆಚ್ಚು ಎಳೆಯುತ್ತಿರಲಿಲ್ಲ.

"ಒಂದು ಆರಿಸ್ಬೇಕು," ಎಂದ ಯೆಪ್ಪೆ.

"ಅಡುಗೆ ಮಾಡೋನ್ದು," ಎಂದಳು ಡೋರ್ತೆ.

ಫ್ರೋಡೆ ಗೊಣಗುತ್ತ ತನ್ನದನ್ನು ಆರಿಸಿದ. ಆಟ ಮತ್ತೆ ಶುರುವಾಯಿತು. ಫ್ರೋಡೆಯ ದನಿಯೂ ಮತ್ತೆ ಶುರುವಾಯಿತು. ಉಪ್ಪು ಎಷ್ಟು, ನೀರು ಹಾಕಬೇಕೆ, ತೊಗಲು ಮೇಲೋ ಕೆಳಗೋ. ಅವಳು ಕಣ್ಣು ಕೀಳದೆ ಉತ್ತರ ಕೊಡುತ್ತಿದ್ದಳು. ಕೊನೆಗೆ: "ಒಂಚೂರು ಬಂದು ನೋಡ್ತೀಯಾ? ಹೊಗೆ ಬರ್ತಿದೆ."

"ಹೋಗಿ ನೋಡೇ," ಎಂದ ಯೆಪ್ಪೆ. "ಫ್ರೋಡೆ, ನೀನು ಅವಳ ಜಾಗದಲ್ಲಿ ಕೂತ್ಕೋ, ಇಲ್ಲಾಂದ್ರೆ ಈಗ್ಲೇ ಸಾಯ್ತೀವಿ."

ರೋಸ್ಟ್ ಒಂದು ಕಡೆಗೆ ವಾಲಿತ್ತು. ಮೇಲೆ ಫಾಯಿಲ್ ಹೊದಿಸಿದ್ದರಿಂದ ತೊಗಲು ಬೆವೆತು ರಬ್ಬರಾಗಿತ್ತು, ಸುರಿದ ಕೊಬ್ಬು ಓವನ್ನಿನ ತಳದಲ್ಲಿ ಸುಡುತ್ತಿತ್ತು. ಡೋರ್ತೆ ಫಾಯಿಲ್ ಕಿತ್ತು, ಅದನ್ನೇ ಉಂಡೆ ಮಾಡಿ ಮಾಂಸದ ಅಡಿಗೆ ಕೊಟ್ಟು ಮಟ್ಟ ಮಾಡಿದಳು. ತೊಗಲನ್ನು ಒರೆಸಿ, ಸೀಳುಗಳಿಗೆ ಉಪ್ಪು ತಿಕ್ಕಿ, ತಾಪಮಾನ ಸರಿಪಡಿಸಿದಳು. ಹೊರಗೆ ಬಂದಾಗ ಫ್ರೋಡೆ ಅವಳ ಹೆಡ್‌ಫೋನ್ ಹಾಕಿಕೊಂಡು ಅವಳ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದ.

"ಆಯ್ತು. ಏಳು."

"ಒಂದ್ನಿಮಿಷ, ಮಧ್ಯದಲ್ಲಿದೀನಿ."

ಅವಳು ನಿಂತಳು. ಆ ಸುತ್ತು ಮುಗಿಯಿತು. ಇನ್ನೊಂದು ಶುರುವಾಯಿತು. ಫ್ರೋಡೆ ಕೈಯೆತ್ತಿ, "ಇದೊಂದು," ಎಂದ.

ಆಗ ಅವಳಿಗೆ ಬಟ್ಟೆ ಒಗೆಯುವ ಕೋಣೆಯ ನೆನಪಾಯಿತು. ಅದಕ್ಕೆ ಬೇರೆ ಫ್ಯೂಸು. ವ್ಯಾನಿನಲ್ಲಿ ಕೆಲಸದ ಎಕ್ಸ್‌ಟೆನ್ಷನ್ ವೈರಿನ ಸುರುಳಿ ಇತ್ತು. ಕೋಟು ಹಾಕದೆಯೇ ಹೋಗಿ ತಂದು, ಕಂಬಳಿಯ ಕೆಳಗೆ ವೈರನ್ನು ಹಾಸಿ, ಫ್ರೋಡೆಯ ಯಂತ್ರವನ್ನು ಅದಕ್ಕೆ ಚುಚ್ಚಿ ಗುಂಡಿ ಒತ್ತಿದಳು. ದೀಪ ಹತ್ತಿತು. ಓವನ್ ಉರಿಯುತ್ತಿತ್ತು, ನಾಲ್ಕೂ ಯಂತ್ರಗಳು ನಡೆಯುತ್ತಿದ್ದವು. ಫ್ಯೂಸು ಹಾರಲಿಲ್ಲ.

"ಇಗೋ ನಿಂದೂ ಆನ್ ಆಯ್ತು," ಎಂದಳು. "ಈಗ ನಾಲ್ಕು ಜನಾನೂ ಆಡ್ಬಹುದು. ನೀನು ನಡುನಡುವೆ ಎದ್ದು ಓವನ್ ನೋಡು, ಅಷ್ಟೇ. ನನ್ನ ಕುರ್ಚಿ ಬಿಡು."

ಫ್ರೋಡೆ ಹೆಡ್‌ಫೋನಿನ ಒಂದು ಕಿವಿ ಸರಿಸಿದ. "ಮತ್ತೆ ಗ್ರೇವಿ ಯಾರು ಮಾಡ್ತಾರೆ?"

"ನೀನು."

"ನಂಗೆಲ್ಲಿ ಬರುತ್ತೆ ಡೋರ್ತೆ? ನಾನು ಮಾಡಿದ್ನ ನಾಯಿನೂ ಮೂಸಲ್ಲ."

"ನಿಜ ಕಣೇ," ಎಂದ ಯೆಪ್ಪೆ, ಕಣ್ಣು ಪರದೆಯ ಮೇಲೇ. "ವರ್ಷಕ್ಕೊಂದು ಸಲ ತಿನ್ನೋದು. ಅದನ್ನ ಇವನ ಕೈಗೆ ಕೊಡ್ತೀಯಾ?"

"ನಿಯಮ ಇದೆ."

"ಅಯ್ಯೋ, ಅದು ತಮಾಷೆಗೆ ಮಾಡಿದ್ದು!" ಎಸ್ಬೆನ್ ನಕ್ಕ. "ಅದನ್ನ ಯಾರು ನಿಜ ಅಂದ್ಕೊಂಡಿದ್ರು?"

"ನಾನು," ಎಂದಳು ಡೋರ್ತೆ. "ಏಳು ವರ್ಷ."

ಕೀಲಿಮಣೆಗಳ ಸದ್ದು ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಯಾರೋ ಓಡಬೇಕಾಗಿತ್ತು, ಯಾರೋ ಗುಂಡು ಹಾರಿಸಬೇಕಾಗಿತ್ತು. ಫ್ರೋಡೆ ಎಂದ, ಸಮಾಧಾನ ಮಾಡುವ ದನಿಯಲ್ಲೇ, "ನಿನ್ ಮಷೀನ್ ಮಾತ್ರ ಸೂಪರ್ ಕಣೇ. ಉಸಿರಾಡೋದೂ ಕೇಳ್ಸಲ್ಲ. ನಂದು ಹೆಲಿಕಾಪ್ಟರ್ ಥರ ಕೂಗುತ್ತೆ. ಊಟದ ತನಕ ನಾನಿಲ್ಲೇ ಇರ್ತೀನಿ, ಆಮೇಲೆ ನೀನು ಕೂತ್ಕೋ. ಆಯ್ತಾ?"

ಅವಳು ಅಡುಗೆಮನೆಗೆ ಹೋದಳು.

ಅರ್ಧಕ್ಕೆ ಬಿಟ್ಟ ಕೆಲಸ ಅವಳ ಜಾಯಮಾನವಲ್ಲ. ಆಲೂಗಡ್ಡೆಯನ್ನು ಸಕ್ಕರೆಯಲ್ಲಿ ಹೊರಳಿಸಿದಳು, ಎಲೆಕೋಸಿಗೆ ವಿನೆಗರ್ ಹಾಕಿದಳು, ರೋಸ್ಟಿನ ರಸ ಸೋಸಿ ಗ್ರೇವಿ ಕುದಿಸಿದಳು. ಕೊನೆಯಲ್ಲಿ ಓವನ್ನಿನ ಗ್ರಿಲ್ ಹಚ್ಚಿ, ಪುಟ್ಟ ಕಿಟಕಿಯಂಥ ಅದರ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತೊಗಲು ಗುಳ್ಳೆ ಗುಳ್ಳೆಯಾಗಿ ಏಳುವುದನ್ನು ನೋಡಿದಳು. ಮೂವರೂ ಹೊಟ್ಟೆ ಬಿರಿಯೆ ತಿಂದರು. ಯೆಪ್ಪೆ ಗರಿಗರಿ ತೊಗಲನ್ನು ಹಲ್ಲಿನಲ್ಲಿ ಮುರಿದು, ಆ ಸದ್ದಿಗೆ ಕಣ್ಣು ಮುಚ್ಚಿ, "ಇಷ್ಟು ವರ್ಷಗಳಲ್ಲಿ ಇದೇ ಬೆಸ್ಟು," ಎಂದ. ಡೋರ್ತೆಯೂ ಅವರ ಜೊತೆ ಕೂತು ತಿಂದಳು. ರುಚಿಯಾಗಿತ್ತು.

ತಟ್ಟೆಗಳನ್ನು ಸಿಂಕಿಗೆ ಹಾಕಿ ಬರುವಷ್ಟರಲ್ಲಿ ಫ್ರೋಡೆ ಮತ್ತೆ ಅದೇ ಕುರ್ಚಿಯಲ್ಲಿದ್ದ.

"ಊಟ ಆಯ್ತು, ಫ್ರೋಡೆ."

"ಗೊತ್ತು ಗೊತ್ತು. ನೋಡು, ನಾವೀಗ ಮೇಲಿನ ಹಂತಕ್ಕೆ ಹೋಗಿದೀವಿ. ನೀನು ಆಗಿನಿಂದ ಇರ್ಲಿಲ್ವಲ್ಲ, ನಿಂಗೆ ದಾರಿ ಗೊತ್ತಾಗಲ್ಲ. ನಂದ್ರಲ್ಲಿ ಕೂತು ನೋಡ್ತಿರು, ಕಲ್ತ್ಕೋತೀಯ."

ಡೋರ್ತೆ ಎಸ್ಬೆನ್ ಕಡೆ ನೋಡಿದಳು, ಯೆಪ್ಪೆ ಕಡೆ ನೋಡಿದಳು. ಎಸ್ಬೆನ್ ಬಾಟಲಿ ಎತ್ತಿ ಬಿಯರ್ ಕುಡಿದ. ಅವಳು ಮೇಜಿನ ಹಿಂದೆ ಹೋಗಿ ತನ್ನ ಯಂತ್ರದ ವೈರನ್ನು ಕಿತ್ತಳು.

"ಏಯ್! ಏನ್ ಮಾಡ್ತಿದೀಯಾ? ಆಟದ ಮಧ್ಯೆ!"

"ಮನೆಗೆ ಹೋಗ್ತಿದೀನಿ."

"ಡೋರ್ತೆ, ಇದಕ್ಕೆಲ್ಲ ಯಾರಾದ್ರೂ ಸಿಟ್ಟು ಮಾಡ್ಕೋತಾರಾ," ಎಂದ ಯೆಪ್ಪೆ. "ಕೂತ್ಕೋ, ಕಾಫಿ ಕುಡಿ."

ಅವಳು ಕೇಬಲ್‌ಗಳನ್ನು ಸುತ್ತಿ ಒಂದೊಂದಕ್ಕೂ ಪಟ್ಟಿ ಹಾಕುತ್ತಿದ್ದಳು. ಫ್ರೋಡೆ ಆರಿಹೋದ ಪರದೆಯನ್ನೂ ಅವಳನ್ನೂ ನೋಡಿದ. ಅವನು ಕೆಟ್ಟವನಲ್ಲ. ಮನಸ್ಸಿನಲ್ಲಿ ಬಂದದ್ದನ್ನು ಕೇಳಿಬಿಟ್ಟ, ಅಷ್ಟೇ.

"ಹೋಗ್ಲೇಬೇಕು ಅಂದ್ರೆ ಹೋಗು. ಮಷೀನ್ ಬಿಟ್ಟು ಹೋಗ್ತೀಯಾ? ಭಾನುವಾರ ನಾನೇ ಮನೆಗೆ ತಂದ್ಕೊಡ್ತೀನಿ."

ಅವಳು ಪೆಟ್ಟಿಗೆಯ ಹಿಡಿ ಹಿಡಿದು ಎತ್ತಿದಳು. ಕೂಲರಿನ ಭಾರವಿದ್ದರೂ ತಗಡು ಒಂದಿಷ್ಟೂ ಅಲುಗಲಿಲ್ಲ. ಬಾಗಿಲವರೆಗೆ ಎಸ್ಬೆನ್ ಬಂದ. ಗಾಳಿಗೆ ಬಾಗಿಲನ್ನು ಒತ್ತಿ ಹಿಡಿದು, "ಮುಂದಿನ ವರ್ಷ ಪಿಜ್ಜಾ ತರಿಸೋಣ ಡೋರ್ತೆ. ಎಲ್ರೂ ಆಡೋಣ," ಎಂದ.

"ತರಿಸ್ಕೊಳ್ಳಿ," ಎಂದಳು ಅವಳು.

ಮುಂದಿನ ಅಕ್ಟೋಬರಿನಲ್ಲಿ ಯೆಪ್ಪೆಯ ಫೋನು ಬಂತು. ಅವಳು ಈಜುಕೊಳದ ಚಾವಣಿಯೊಳಗೆ ಹೊಟ್ಟೆಯ ಮೇಲೆ ಮಲಗಿ ಕೆಲಸ ಮಾಡುತ್ತಿದ್ದಳು. ವ್ರಿಸ್ಟ್‌ನ ಅದೇ ಮನೆ ಸಿಕ್ಕಿದೆ ಎಂದ. ಆ ವಾರ ಕೆಲಸವಿದೆ, ಬರುವುದಕ್ಕಾಗುವುದಿಲ್ಲ ಎಂದಳು. ಅವನು ಒತ್ತಾಯ ಮಾಡಲಿಲ್ಲ. "ಛೆ, ಹೌದಾ," ಎಂದು ದನಿ ತಗ್ಗಿಸಿ ಕೇಳಿದ:

"ಡೋರ್ತೆ, ಆ ತೊಗಲು ಗರಿಗರಿ ಆಗೋಕೆ ಏನ್ ಮಾಡ್ತಿದ್ದೆ? ಸ್ವಲ್ಪ ಬರೆದು ಕಳಿಸ್ತೀಯಾ?"

ಅವಳು ಮನೆಗೆ ಹೋಗಿ ಕೈತೊಳೆದುಕೊಂಡು ಬರೆದು ಕಳಿಸಿದಳು. ಸೀಳಿನ ಆಳ, ಉಪ್ಪಿನ ಅಳತೆ, ಓವನ್ನಿನ ಬಿಸಿ, ಫಾಯಿಲ್ಲಿನ ಉಂಡೆಯನ್ನು ಎಲ್ಲಿಡಬೇಕು, ಗ್ರಿಲ್ ಹಚ್ಚಿದ ಮೇಲೆ ಗಾಜಿನ ಮುಂದಿನಿಂದ ಏಳಬಾರದು ಎಂಬುದು, ಒಂದನ್ನೂ ಬಿಡಲಿಲ್ಲ. ಓದಿದ ಯಾರೇ ಆದರೂ ಮಾಡಬಹುದಾಗಿತ್ತು. ಯೆಪ್ಪೆ ಹೆಬ್ಬೆರಳಿನ ಚಿತ್ರ ಕಳಿಸಿದ. ತನ್ನ ಕುರ್ಚಿಗೆ ಈ ಸಲ ಯಾರನ್ನು ಕರೆದಿದ್ದೀರಿ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.